ಎರಡು ಮಾರು ಜಲ್ಲಿ

ಸೂರಿನಂಚಿನ ಮಳೆನೀರಿನ ದೋಣಿಯೊಳಗೆ ಕೈಹಾಕಿ ಅವಳು ಬಾಚಿ ತೆಗೆದದ್ದು ಮತ್ತೆ ಅದೇ. ಸೈಪ್ರಸ್ ಮರದ ತರಗು, ಕಡ್ಡಿ, ಬೆರಳಿಗೆ ಅಂಟಿಕೊಂಡು ಸೋಪಿಗೂ ಬಗ್ಗದ ಅದರ ಎಣ್ಣೆ ವಾಸನೆ. ಮೊನ್ನೆಯಷ್ಟೇ ತೆಗೆದಿದ್ದಳು. ಇವತ್ತು ನೋಡಿದರೆ ಮತ್ತೆ ತುಂಬಿತ್ತು, ಯಾರೋ ಬೇಕೆಂದೇ ತಂದು ಸುರಿದ ಹಾಗೆ. ಯಾರೋ ಏನು ಬಂತು, ಪಕ್ಕದ ಮನೆಯವರೇ. ಏಣಿಯ ಮೇಲೆ ನಿಂತರೆ ಪಕ್ಕದ ಕಾಂಪೌಂಡಿನ ಉದ್ದಕ್ಕೂ ಆ ಮರಗಳ ಸಾಲು ಕಾಣುತ್ತಿತ್ತು. ಮಳೆಯ ಮುಖ ಕಂಡು ಯಾವ ಕಾಲವಾಯಿತೋ, ಬುಡದಿಂದ ಅರ್ಧದವರೆಗೆ ಕಂದುಗಟ್ಟಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿ, ಆದರೂ ನೆಟ್ಟಗೆ ನಿಂತಿದ್ದವು. ಮರಗಳಿಗೂ ಯಜಮಾನರದ್ದೇ ಸೊಕ್ಕು ಎಂದುಕೊಂಡಳು. ಒಂದೊಂದು ಹಿಡಿಯನ್ನೂ ಬಕೆಟ್ಟಿಗೆ ಹಾಕುವ ಬದಲು ಬೀಸಿ ಎಸೆಯುತ್ತಿದ್ದಳು. ಅರ್ಧ ಬಕೆಟ್ಟಿಗೆ, ಅರ್ಧ ನೆಲಕ್ಕೆ. ನೆಲಕ್ಕೆ ಬಿದ್ದದ್ದನ್ನು ಆಮೇಲೆ ಗುಡಿಸಬೇಕಾದವಳೂ ತಾನೇ ಎಂದು ನೆನಪಾಗಿ ಇನ್ನಷ್ಟು ಸಿಟ್ಟು ಬಂತು.

ಕೆಳಗೆ ಅಂಗಳದಲ್ಲಿ ಗಂಡ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, ಕೂದಲು ಕತ್ತರಿಸುತ್ತಿದ್ದ. ಪೇಟೆಯಲ್ಲಿ ಅವನದು ಎರಡು ಕುರ್ಚಿಯ ಸಲೂನು. ರಜೆಯ ದಿನವೂ ಕತ್ತರಿ ಬಿಟ್ಟಿರಲಾರದ ಕೈ, ಮಾತು ಬಿಟ್ಟಿರಲಾರದ ಬಾಯಿ. ಊರಿನಲ್ಲಿ ಅವನಿಗೆ ಆಗದವರು ಎಂದು ಒಬ್ಬರೂ ಇರಲಿಲ್ಲ. ಅವಳಿಗೆ ಅವನ ಮೇಲೆ ಇದ್ದ ಅತಿದೊಡ್ಡ ದೂರು ಬಹುಶಃ ಇದೇ.

‘ಫೈರ್ ಆಫೀಸರ್ ಮೇಡಂ, ಮೇಲಿಂದ ಏನಾದ್ರೂ ಕಾಣ್ತಿದೆಯಾ?’ ಎಂದು ಕೂಗಿದ.

ಮಗಳು ಕಿಸಕ್ಕನೆ ನಕ್ಕಳು. ‘ಅಲ್ಲಾಡ್ಬೇಡ, ಕಿವಿ ಕೈಗೆ ಬರತ್ತೆ’ ಎಂದು ಅವನು ಅವಳ ತಲೆಯನ್ನು ನೇರ ಮಾಡಿದ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ, ‘ಅವಳಿಗೇನು ಕಾಣತ್ತೆ? ಕಿತ್ತು ಹಾಕೋಕೆ ಇನ್ನೂ ಏನಾದ್ರೂ ಹಸಿರು ಉಳಿದಿದೆಯಾ ಅಂತ ನೋಡ್ತಿರ್ತಾಳೆ’ ಎಂದರು. ಅತ್ತೆಯ ಕಿಟಕಿಗೆ ಹಬ್ಬಿದ್ದ ಬಳ್ಳಿಯನ್ನು ಅವರು ಒಂದು ಮಧ್ಯಾಹ್ನ ಮಲಗಿದ್ದಾಗ ಅವಳು ಬುಡಸಮೇತ ಕಡಿದಿದ್ದಳು. ಎಚ್ಚರವಾದಾಗ ಕೋಣೆಯಲ್ಲಿ ಹಿಂದೆಂದೂ ಇಲ್ಲದಷ್ಟು ಬೆಳಕಿತ್ತು. ಆವತ್ತು ಅತ್ತೆ ಬೈಯಲಿಲ್ಲ. ಅಂದಿನಿಂದ ದಿನಕ್ಕಿಷ್ಟು ಎಂದು ಕಂತಿನಲ್ಲಿ ಬೈಯುತ್ತಿದ್ದರು.

ನಗಲಿ. ಇವರು ಯಾರೂ ಆ ಹೆಂಗಸನ್ನು ನೋಡಿರಲಿಲ್ಲ. ಹೋದ ವರ್ಷ ಎದುರು ಬೆಟ್ಟದ ಬಡಾವಣೆಗೆ ಕಾಡಿನ ಬೆಂಕಿ ಇಳಿದಾಗ ಆಸ್ಪತ್ರೆಯಲ್ಲಿ ಅವಳು ಕೆಲಸ ಮಾಡುವ ಎಕ್ಸ್‌ರೇ ಕೋಣೆಗೆ ಆಕೆಯನ್ನು ತಳ್ಳಿಕೊಂಡು ಬಂದಿದ್ದರು. ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಲ್ಲಿಸುವುದು, ಗಾಜಿನ ಹಿಂದೆ ಹೋಗಿ ಉಸಿರು ಹಿಡ್ಕೊಳ್ಳಿ ಎನ್ನುವುದು, ಗುಂಡಿ ಒತ್ತಿ, ಉಸಿರು ಬಿಡಿ ಎನ್ನುವುದು, ಇದು ದಿನಕ್ಕೆ ಎಷ್ಟೋ ಸಲ ಅವಳ ಬಾಯಿಂದ ತಾನಾಗಿ ಬರುವ ಮಾತು. ಆ ಹೆಂಗಸಿಗೆ ಹಿಡಿಯಲು ಉಸಿರೇ ಇರಲಿಲ್ಲ. ‘ಎಲ್ಲಾ ರೆಡಿ ಇತ್ತು ಕಣ್ರೀ, ನಮ್ಮನೆಯವರು ಕಾರಿನ ಕೀ ಹುಡುಕ್ತಾ ಇದ್ರು’ ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಪರದೆಯ ಮೇಲೆ ಮೂಡಿದ ಚಿತ್ರದಲ್ಲಿ ಕಪ್ಪಾಗಿರಬೇಕಾದ ಕಡೆಯೆಲ್ಲ ಬೆಳ್ಳಗೆ ಮಂಜು ಕವಿದಂತಿತ್ತು. ಆವತ್ತು ಮನೆಗೆ ಬಂದವಳೇ ಬಾಗಿಲ ಪಕ್ಕ ಮೊಳೆ ಹೊಡೆದು ಕೀ ತೂಗುಹಾಕಿದಳು. ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಗೋಡೆಗೆ ಒರಗಿಸಿದ್ದ ಸೌದೆ ಹೋಯಿತು, ಮರದ ಬೆಂಚು ಹೋಯಿತು, ಬಾಗಿಲ ಮುಂದಿನ ನಾರಿನ ಚಾಪೆ ಹೋಯಿತು. ಅಟ್ಟದ ಗವಾಕ್ಷಿಗಳಿಗೆ ಕಿಡಿ ನುಗ್ಗದಂತೆ ಸಣ್ಣ ಕಣ್ಣಿನ ತಂತಿಬಲೆ ಬಡಿದಳು. ಮನೆಯ ಸುತ್ತ ಹುಲ್ಲನ್ನೆಲ್ಲ ಕಿತ್ತು ಎರಡು ಮಾರು ಅಗಲಕ್ಕೆ ಜಲ್ಲಿ ಹರಡಿದಳು. ಸೊಂಟ ಹಿಡಿದುಕೊಂಡು ಮೂರು ದಿನ ಬಗ್ಗಲಾರದೆ ಓಡಾಡಿದಾಗ, ‘ಮನೆ ಕಟ್ಟೋರು ಜಲ್ಲಿ ತರಿಸ್ತಾರೆ, ಕಟ್ಟಿದ ಮೇಲೆ ತರಿಸೋಳು ನೀನೊಬ್ಬಳೇ’ ಎಂದು ಗಂಡ ಸಲೂನಿನಲ್ಲಿ ಹೇಳುವ ಜೋಕುಗಳಿಗೆ ಇನ್ನೊಂದನ್ನು ಸೇರಿಸಿಕೊಂಡ. ಈ ಬೇಸಿಗೆಯಲ್ಲಿ ಆಗಲೇ ಎರಡು ಸಲ ಸೈರನ್ ಕೂಗಿ, ಬೀದಿಗೆ ಬೀದಿಯೇ ಗಂಟುಮೂಟೆ ಕಟ್ಟಿಕೊಂಡು ಹೊರಟು, ಏನೂ ಆಗದೆ ವಾಪಸು ಬಂದಿತ್ತು. ಆಗಲೂ ಎಲ್ಲರೂ ನೋಡಿದ್ದು ಅವಳ ಮುಖವನ್ನೇ. ಸೈರನ್ ಊದಿದವಳು ಅವಳೇ ಎಂಬಂತೆ.

ಇಷ್ಟೆಲ್ಲ ಮಾಡಿಯೂ ಈ ಮರಗಳು. ಪಕ್ಕದ ಮನೆಯ ಮುದುಕರನ್ನು ಬೀದಿಯವರೆಲ್ಲ ಕ್ಯಾಪ್ಟನ್ ಎನ್ನುತ್ತಿದ್ದರು. ಅವರು ಹಡಗಿನಲ್ಲಿ ಕ್ಯಾಪ್ಟನ್ ಆಗಿದ್ದವರಲ್ಲ, ತಳದ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡಿದವರು. ಅವರು ಸಮುದ್ರಕ್ಕೆ ಹೋದಾಗಲೆಲ್ಲ ಅವರ ಹೆಂಡತಿ ಒಂದೊಂದು ಸಸಿ ನೆಡುತ್ತಿದ್ದರಂತೆ. ಹೆಂಡತಿ ಹೋದರು, ಸಾಲು ಉಳಿಯಿತು. ಇದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಗೇಟಿನ ಮುಂದೆ ನಿಂತು, ನಮ್ಮ ಗೋಡೆಯ ಪಕ್ಕದ ನಾಲ್ಕನ್ನಾದರೂ ಕಡಿಸಿ ಎಂದು ಕೇಳಿದ್ದಳು. ಮೊದಲ ಸಲ ಮೆಲ್ಲಗೆ, ಎರಡನೆಯ ಸಲ ಬಿಗಿಯಾಗಿ. ಮೂರನೆಯ ಸಲ ಅವರು, ‘ನೋಡಿ ಅಮ್ಮ, ನನ್ನ ಕಾಂಪೌಂಡಿನ ಒಳಗಿನ ವಿಷಯ ನನಗೆ ಬಿಡಿ’ ಎಂದು ಬೆನ್ನು ತಿರುಗಿಸಿದಾಗ ಅವಳ ಬಾಯಿಂದ ಬಂದುಬಿಟ್ಟಿತ್ತು: ‘ಸತ್ತವರ ಮರ ಉಳಿಸೋಕೆ ಬದುಕಿರೋರನ್ನ ಸುಡ್ತೀರಾ?’ ಎದುರು ಮನೆಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದವರು ಪೈಪನ್ನು ಕೆಳಗಿಟ್ಟರು. ಮುದುಕರ ಬೆನ್ನು ಒಂದಷ್ಟು ಹೊತ್ತು ಅಲ್ಲಾಡಲಿಲ್ಲ, ಆಮೇಲೆ ಒಳಗೆ ಹೋಯಿತು. ಅದೇ ಸಂಜೆ ಗಂಡ ಕತ್ತರಿ ಬಾಚಣಿಗೆಯ ಪೆಟ್ಟಿಗೆ ಹಿಡಿದು ಅಲ್ಲಿಗೆ ಹೋಗಿ, ಅವರ ಕೂದಲು ಕತ್ತರಿಸಿ, ಏನೇನೋ ಹೇಳಿ ನಗಿಸಿ ಬಂದ. ತನ್ನ ಪರವಾಗಿ ಕ್ಷಮೆ ಕೇಳಲು ಇವನಿಗೆ ಯಾರು ಅಧಿಕಾರ ಕೊಟ್ಟರು? ಮುದುಕರ ಮಾತಿಗಿಂತ ಅದೇ ಹೆಚ್ಚು ಚುಚ್ಚಿತ್ತು.

ಏಣಿಯಿಂದ ಒಂದು ಮೆಟ್ಟಿಲು ಇಳಿದವಳಿಗೆ ಮಗಳ ಕೊರಳಿನ ಬಿಳಿ ಬಟ್ಟೆ ಬಿಳಿಯಾಗಿ ಕಾಣಲಿಲ್ಲ. ತಿಳಿ ಚಹಾದ ಬಣ್ಣಕ್ಕೆ ತಿರುಗಿತ್ತು. ಗೋಡೆಯೂ ಹಾಗೆಯೇ, ಗಂಡನ ಕೈಯೂ. ಹೊಗೆಯ ವಾಸನೆ ಇನ್ನೂ ಬಂದಿರಲಿಲ್ಲ. ಬೆನ್ನ ಹಿಂದೆ ಗುಡ್ಡದ ನೆತ್ತಿಯ ಮೇಲೆ ಸೂರ್ಯ ತಾಮ್ರದ ಬಿಲ್ಲೆಯಾಗಿದ್ದ, ಕಣ್ಣು ಕಿರಿದು ಮಾಡದೆ ನೋಡಬಹುದಿತ್ತು. ಬಿಸಿ ಗಾಳಿ ಒಮ್ಮೆಗೇ ಬೀಸಿ ಬಕೆಟ್ಟನ್ನು ಉರುಳಿಸಿತು. ಆಗ ಎದೆಯಲ್ಲಿ ಮೊದಲು ಎದ್ದದ್ದು ಹೆದರಿಕೆಯಲ್ಲ. ಬಂತಾ, ಬರಲಿ, ಈಗ ನಗಲಿ ಇವರು ಎಂಬ, ಖುಷಿಯೆಂದೇ ಕರೆಯಬೇಕಾದ ಒಂದು ಬಿಸಿ. ಮೊದಲು ಆ ಮರಗಳು ಹೊತ್ತಿಕೊಳ್ಳುತ್ತವೆ, ಒಂದರ ಹಿಂದೆ ಒಂದು, ಎಂದು ಲೆಕ್ಕ ಹಾಕಿದ್ದೂ ಆಯಿತು. ಮರುಕ್ಷಣ ಮಗಳ ಬಾಗಿದ ಕುತ್ತಿಗೆ ಕಣ್ಣಿಗೆ ಬಿತ್ತು. ತನ್ನ ಹೊಟ್ಟೆಯಲ್ಲಿ ಇಂಥದ್ದೊಂದು ಕೂತಿತ್ತೇ ಎಂದು ನಾಚಿಕೆಯಾಯಿತು, ನಾಚಿಕೆಯೂ ಸಿಟ್ಟಾಗಿಯೇ ಹೊರಗೆ ಬಂತು.

‘ಕತ್ತರಿ ಕೆಳಗಿಡಿ’ ಎಂದಳು. ‘ಬೆಂಕಿ ಬಂತು. ಹೊರಡೋಣ.’

‘ಇನ್ನೊಂದು ಪಕ್ಕ ಬಾಕಿ ಇದೆ’ ಎಂದು ನಗುತ್ತ ತಲೆಯೆತ್ತಿದ ಗಂಡ ಆಕಾಶ ನೋಡಿದ. ಅವನ ನಗು ಅರ್ಧಕ್ಕೇ ನಿಂತಿತು. ಆಮೇಲೆ ಸೈರನ್ನು, ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿದ್ದು, ಮೈಕಿನ ಜೀಪು ಬೀದಿಯ ತುದಿಯಲ್ಲಿ ಕೂಗುತ್ತ ಹಾದದ್ದು, ಎಲ್ಲ ಒಂದರ ಮೇಲೊಂದು ಬಂದವು.

ಇಂಥ ಗಳಿಗೆಯನ್ನು ಅವಳು ಮನಸ್ಸಿನಲ್ಲಿ ಎಷ್ಟೋ ಸಲ ನಡೆಸಿ ನೋಡಿದ್ದಳು. ಅದರಲ್ಲಿ ಇಲ್ಲದಿದ್ದದ್ದು ಗಂಡನ ಶೌರ್ಯ. ಅವನು ನಲ್ಲಿಗೆ ಪೈಪು ಸಿಕ್ಕಿಸುತ್ತ, ‘ನೀವು ಮೂರೂ ಜನ ಹೊರಡಿ, ನಾನು ಮನೆ ನೋಡ್ಕೋತೀನಿ’ ಎಂದ. ಅತ್ತೆ ಮಗನ ಕಡೆ ನೋಡಿದ ನೋಟದಲ್ಲಿ ಅಳುವೂ ಇತ್ತು, ಹೆಮ್ಮೆಯೂ ಇತ್ತು. ಅವಳು ಏಣಿಯಿಂದ ಇಳಿದು ಬಂದಳು. ಇಡೀ ವರ್ಷ ಒಂದು ಹಿಡಿ ತರಗು ಎತ್ತಿಹಾಕದವನು.

‘ಮನೆ ತನ್ನನ್ನ ತಾನು ನೋಡ್ಕೊಳ್ಳತ್ತೆ’ ಎಂದಳು. ‘ಅದಕ್ಕೇ ತಾನೆ ನಾನು ಸತ್ತಿದ್ದು ಇಷ್ಟು ದಿನ? ಕಾರು ಹತ್ತಿ.’

‘ಸ್ಕೂಟರ್ ಇದೆಯಲ್ಲ. ಸ್ವಲ್ಪ ಗೋಡೆ ಒದ್ದೆ ಮಾಡಿ ಹಿಂದೇನೇ ಬರ್ತೀನಿ.’

‘ಜೋಕ್ ಹೇಳೋಕೆ ಹೋಗಿ ಸಾಯ್ಬೇಡ. ಹತ್ತು ಅಂದೆ.’

ಮದುವೆಯಾದ ಮೇಲೆ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅತ್ತೆ ಅಂಥ ಹೊತ್ತಿನಲ್ಲೂ ತಿರುಗಿ ನೋಡಿದರು. ಗಂಡ ಪೈಪು ಹಿಡಿದು ನಿಂತಿದ್ದ, ಬೈಗುಳಕ್ಕಲ್ಲ, ಆ ಒಂದಕ್ಷರಕ್ಕೆ ಪೆಟ್ಟು ತಿಂದವನ ಹಾಗೆ. ‘ಬರ್ತೀನಿ ಅಂದೆನಲ್ಲ’ ಎಂದ, ನಗದೆ. ಅವಳು ಮೊಳೆಯಿಂದ ಕೀ ಕಿತ್ತುಕೊಂಡಳು.

ಕಾರು ಗೇಟು ದಾಟಿ ಬಲಕ್ಕೆ ತಿರುಗಿತು. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ತೋಳಿನೊಳಗೆ ಒಂದು ಪಕ್ಕ ಗಿಡ್ಡ ಒಂದು ಪಕ್ಕ ಉದ್ದ ಕೂದಲಿನ ಮಗಳು. ಬೂದಿಯ ಹಗುರ ಚೂರುಗಳು ಗಾಜಿಗೆ ಬಂದು ಕೂರುತ್ತಿದ್ದವು. ಪಕ್ಕದ ಮನೆಯ ಕಿಟಕಿಯೊಳಗೆ ಟೀವಿಯ ನೀಲಿ ಬೆಳಕು, ಅದರ ಮುಂದೆ ಕುರ್ಚಿಯ ಬೆನ್ನಿನ ಮೇಲೆ ಒಂದು ಬೆಳ್ಳಗಿನ ತಲೆ, ತನ್ನ ಗಂಡ ಒಪ್ಪವಾಗಿ ಕತ್ತರಿಸಿದ್ದ ಕೂದಲು. ಅವಳ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕಾರು ನಿಂತಿತು. ಕೈ ಹಾರ್ನಿನ ಮೇಲೇ ಇತ್ತು. ಅಂಗೈಯನ್ನು ಸ್ವಲ್ಪ ಒತ್ತಿದರೆ ಸಾಕು. ನನ್ನ ಕಾಂಪೌಂಡಿನ ಒಳಗಿನ ವಿಷಯ ನನಗೆ ಬಿಡಿ. ಆ ದನಿ, ಆ ತಿರುಗಿದ ಬೆನ್ನು. ಈಗಲೂ ಬೆನ್ನೇ. ಬಿಟ್ಟಿದ್ದೀನಿ, ತಗೊಳ್ಳಿ.

‘ಯಾಕಮ್ಮ ನಿಲ್ಸಿದೆ?’ ಎಂದಳು ಮಗಳು.

‘ಏನಿಲ್ಲ. ಬೆಲ್ಟ್ ಹಾಕ್ಕೋ.’

ಕಾರು ಹೊರಟಿತು. ಬೀದಿಯ ತಿರುವಿಗೆ ಬಂದ ಮೇಲೆ, ಗಂಡ ಅಲ್ಲೇ ಇದ್ದಾನಲ್ಲ, ಅವನು ನೋಡಿಕೊಳ್ಳುತ್ತಾನೆ ಎಂಬ ಸಮಾಧಾನ ಸಿದ್ಧವಾಗಿ ಬಂದು ಕೂತಿತು. ಅದು ತಿರುವಿನಲ್ಲಿ ಹುಟ್ಟಿದ್ದು, ಗೇಟಿನ ಮುಂದೆ ಇರಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಆಟದ ಒಳಾಂಗಣವೊಂದರಲ್ಲಿ ಜನರನ್ನು ತುಂಬಿದ್ದರು. ಹಲಗೆಯ ನೆಲದ ಮೇಲೆ ಬಿಳಿ ಗೆರೆಗಳು, ಒಂದೊಂದು ಚೌಕದಲ್ಲಿ ಒಂದೊಂದು ಸಂಸಾರ. ಅವಳ ಫೋನಿಗೆ ಗಂಡ ಸಿಗಲಿಲ್ಲ. ಗುಡ್ಡದ ಬೆಂಕಿ ಬೀದಿಗೇ ಇಳಿಯಿತು ಎಂದು ಹೊಸದಾಗಿ ಬಂದವರೊಬ್ಬರು ಹೇಳಿದರು. ಅತ್ತೆ ಅವಳ ಕೈ ಹಿಡಿದುಕೊಂಡರು. ಇಷ್ಟು ವರ್ಷಗಳಲ್ಲಿ ಹಿಡಿಯದಿದ್ದ ಕೈ. ‘ನೀನು ಕರೆದಾಗ್ಲೇ ಬಂದಿದ್ರೆ’ ಎಂದಷ್ಟೇ ಹೇಳಿ ನಿಲ್ಲಿಸಿದರು. ಅದು ಅವಳು ಗೆದ್ದ ಗಳಿಗೆ. ‘ಕ್ಯಾಪ್ಟನ್ ತಾತ ಎಲ್ಲೂ ಕಾಣ್ತಿಲ್ಲ’ ಎಂದಳು ಮಗಳು, ಚೌಕದಿಂದ ಚೌಕಕ್ಕೆ ಕಣ್ಣು ಹಾಯಿಸುತ್ತ. ‘ಬಂದಿರ್ತಾರೆ. ಎಲ್ಲೋ ಕೂತಿರ್ತಾರೆ.’ ‘ನೋಡ್ಕೊಂಡು ಬರ್ಲಾ?’ ‘ಸುಮ್ನೆ ಕೂತ್ಕೋ ಅಂದ್ರೆ ಕೂತ್ಕೋಬೇಕು’ ಎಂದು ಗದರಿದಳು. ಪಕ್ಕದ ಚೌಕದವರು ತಿರುಗಿದರು. ಮಗಳು ಗಿಡ್ಡ ಕೂದಲಿನ ಕಡೆಯಿಂದ ಮುಖ ಮುಚ್ಚಿಕೊಳ್ಳಲು ನೋಡಿ, ಆಗದೆ, ಉದ್ದ ಕೂದಲಿನ ಕಡೆಗೆ ತಿರುಗಿ ಕೂತಳು.

ಅವರಿಬ್ಬರು ಬಂದಾಗ ಬಾಗಿಲಲ್ಲಿ ಯಾರೆಂದು ಗೊತ್ತಾಗಲಿಲ್ಲ. ಇಬ್ಬರು ಬೂದು ಬಣ್ಣದ ಗಂಡಸರು, ಒಬ್ಬರ ಹೆಗಲಿಗೆ ಒಬ್ಬರು. ಮಗಳು ಓಡಿದ ಮೇಲೆಯೇ ಗೊತ್ತಾದದ್ದು. ಗಂಡನ ಹುಬ್ಬು ಸುಟ್ಟು ಮುರುಟಿತ್ತು. ಮುದುಕರು ಬಗ್ಗಿ ಬಗ್ಗಿ ಕೆಮ್ಮುತ್ತಿದ್ದರು. ಅತ್ತೆ ಮಗನನ್ನು ಹಿಡಿದುಕೊಂಡು ಜೋರಾಗಿ ಅಳುತ್ತಿದ್ದಾಗ ಅವನು ತಾಯಿಯ ತಲೆಯ ಮೇಲಿಂದ ಹೆಂಡತಿಗೆ ಮಾತ್ರ ಕೇಳುವಂತೆ, ‘ನೀನು ಕಳಿಸಿದ್ದೆ ಅಂತ ಹೇಳಿದೀನಿ, ಹ್ಞೂಂ ಅನ್ನು’ ಎಂದ. ಏನೆಂದು ಅರ್ಥವಾಗುವ ಮೊದಲೇ ಮುದುಕರು ಅವಳ ಮುಂದೆ ಬಂದು ನಿಂತಿದ್ದರು.

‘ಇವರು ಬಂದು ಬಾಗಿಲು ಬಡಿದ್ರು. ನಾನು ಏಳ್ಲಿಲ್ಲ’ ಎಂದರು, ಕೆಮ್ಮಿನ ನಡುವೆ. ‘ನಿಮ್ಮ ಮನೆಯವರಿಗೆ ಎಲ್ಲಾ ತಮಾಷೆ. ಆದ್ರೆ ನೀವು ಕಳಿಸಿದ್ರಿ ಅಂದ್ರು. ಆಗ ಎದ್ದೆ. ಬೆಂಕಿ ವಿಷಯದಲ್ಲಿ ನೀವು ಸುಮ್ಸುಮ್ನೆ ಹೇಳೋರಲ್ಲ.’ ಇನ್ನೇನೋ ಹೇಳಲು ಹೋಗಿ ಅವಳ ಮುಖ ನೋಡಿ ನಿಲ್ಲಿಸಿದರು.

ಅವಳು ಹ್ಞೂಂ ಅಂದಳು. ಅಂದು ಗಂಡನ ಕಡೆ ತಿರುಗಿದಾಗ ಅವನ ಮುಖದಲ್ಲಿ ಬೂದಿಯೊಳಗಿಂದ ಆ ಹಳೆಯ ನಗು ಇಣುಕುತ್ತಿತ್ತು, ನೋಡು ಹೇಗೆ ರಾಜಿ ಮಾಡಿಸಿದೆ ಎಂಬಂತೆ. ಆ ಮುಖಕ್ಕೆ ಹೊಡೆಯಬೇಕೆನ್ನಿಸಿತು. ತನ್ನ ಹೆಸರನ್ನು ಕದ್ದೊಯ್ದು, ಅದಕ್ಕಿಲ್ಲದ ಒಳ್ಳೆಯತನವನ್ನು ಹೊದಿಸಿ, ವಾಪಸು ತಂದು ಕೈಯಲ್ಲಿಟ್ಟಿದ್ದಾನೆ. ಬೇಡ ಎನ್ನುವಂತೆಯೂ ಇಲ್ಲ.

ಬೀದಿಗೆ ಹೋಗಲು ಬಿಟ್ಟದ್ದು ಎರಡು ದಿನ ಕಳೆದ ಮೇಲೆ. ಮನೆ ನಿಂತಿತ್ತು. ಬೆಂಕಿ ಮೂರು ಕಡೆಯಿಂದ ಬಂದು, ಹುಲ್ಲು ಇದ್ದಷ್ಟು ದೂರ ಉರಿದು, ಜಲ್ಲಿಯ ಅಂಚಿಗೆ ಗೆರೆ ಕೊರೆದಂತೆ ನಿಂತುಬಿಟ್ಟಿತ್ತು. ಆಚೆ ಕಪ್ಪು, ಈಚೆ ಮನೆ. ಕಿಟಕಿಯ ಒಂದು ಗಾಜು ಸೀಳಿತ್ತು, ಅಷ್ಟೇ. ಪಕ್ಕದ ಮನೆಗೆ ಸೂರಿರಲಿಲ್ಲ. ನಾಲ್ಕು ಗೋಡೆಗಳ ನಡುವೆ ಹೆಂಚು, ತೊಲೆ, ಫ್ರಿಜ್ಜಿನ ಅಸ್ಥಿಪಂಜರ. ಸೈಪ್ರಸ್ ಸಾಲು ಕರಿ ಕಂಬಗಳ ಸಾಲಾಗಿತ್ತು. ಇಡೀ ಬೇಸಿಗೆ ಕಣ್ಣು ಮುಚ್ಚಿದಾಗಲೆಲ್ಲ ಅವಳು ನೋಡಿದ್ದ ಚಿತ್ರ ಇದೇ. ಅಂದುಕೊಂಡದ್ದಕ್ಕಿಂತ ಕೂದಲೆಳೆಯಷ್ಟೂ ಬೇರೆ ಇರಲಿಲ್ಲ.

ಒಳಗೆ ಎಲ್ಲ ಇಟ್ಟಲ್ಲೇ ಇತ್ತು. ಒಲೆಯ ಮೇಲೆ ಹಾಲಿನ ಪಾತ್ರೆ, ಅದರಲ್ಲಿ ಕೆಟ್ಟ ಹಾಲು. ಅತ್ತೆ ತಮ್ಮ ಕೋಣೆಗೆ ಹೋಗಿ, ಬಳ್ಳಿಯಿಲ್ಲದ ಕಿಟಕಿಯನ್ನು ಮುಟ್ಟಿ ನೋಡಿ, ಮಂಚದ ಮೇಲೆ ಕೂತರು. ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ‘ನಿನ್ನಿಂದ್ಲೇ ಉಳೀತು ಕಣೇ’ ಎಂದ. ‘ನಾನು ಎಷ್ಟೆಲ್ಲ ನಕ್ಕೆ. ನಿನ್ನಿಂದ್ಲೇ.’ ದನಿಯಲ್ಲಿ ತಮಾಷೆ ಹುಡುಕಿದಳು, ಇರಲಿಲ್ಲ. ಏಣಿಯ ಮೇಲೆ, ಜಲ್ಲಿಯ ಗುದ್ದಲಿ ಹಿಡಿದು, ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಅವಳು ಕಾದದ್ದು ಈ ಒಂದು ವಾಕ್ಯಕ್ಕೆ.

‘ಇನ್ನೊಂದ್ಸಲ ಹಾಗನ್ಬೇಡಿ’ ಎಂದಳು.

‘ಯಾಕೆ? ಏನಾಯ್ತು?’

‘ಅನ್ಬೇಡಿ ಅಂದೆ, ಅಷ್ಟೇ. ಮತ್ತೆ ನನ್ನ ಹೆಸರು ಎಲ್ಲೂ ಎತ್ಬೇಡಿ.’ ಹಾಲಿನ ಪಾತ್ರೆಯನ್ನು ಸಿಂಕಿಗೆ ಎಸೆದಳು. ಅದು ಹೊರಳಿ ಕೆಟ್ಟ ಹಾಲು ಅವಳ ಸೀರೆಯ ಮೇಲೆಲ್ಲ ಹಾರಿತು. ಗಂಡ ಬಟ್ಟೆ ತಂದು ಒರೆಸಲು ಬಗ್ಗಿದ. ಅವಳು ಅವನನ್ನು ದಾಟಿ ಹೊರಗೆ ಹೋದಳು.

ಮುದುಕರು ಬೀದಿಯಲ್ಲಿ, ತಮ್ಮ ಗೇಟಿನ ಮುಂದೆ ನಿಂತಿದ್ದರು. ಬೇರೆಯವರ ಷರ್ಟು, ಅದು ಅವರಿಗೆ ದೊಡ್ಡದು. ಅವರ ತಮ್ಮನ ಮಗಳು ಕರೆದುಕೊಂಡು ಹೋಗಲು ಬರುತ್ತಾಳೆ ಎಂದು ಗಂಡ ಹೇಳಿದ್ದ. ಒಳಗೆ ಬಂದು ಕೂರಿ ಎಂದು ಅತ್ತೆ ಕರೆದದ್ದಕ್ಕೆ ಬೇಡ ಎಂದಿದ್ದರಂತೆ. ಅವಳು ಹೋಗಿ ಪಕ್ಕದಲ್ಲಿ ನಿಂತಳು. ಇಬ್ಬರೂ ಸುಟ್ಟ ಸಾಲನ್ನು ನೋಡಿದರು.

‘ಅವರನ್ನ ನಾನು ಕಳಿಸಿರ್ಲಿಲ್ಲ’ ಎಂದಳು.

‘ಗೊತ್ತು. ಅಲ್ಲಿ ನಿಮ್ಮ ಮುಖ ನೋಡಿದಾಗ್ಲೇ ಗೊತ್ತಾಯ್ತು.’

‘ಹೋಗುವಾಗ ನಿಮ್ಮನ್ನ ನೋಡಿದೆ. ಕಿಟಕೀಲಿ. ಕಾರು ನಿಲ್ಲಿಸಿದ್ದೆ.’

‘ಅದೂ ಗೊತ್ತು.’ ಅವರು ಅವಳ ಕಡೆ ತಿರುಗಲಿಲ್ಲ. ‘ಎಂಜಿನ್ ಜೊತೆ ಬದುಕಿದವನು ನಾನು. ಯಾರ ಗಾಡಿ ಎಲ್ಲಿ ನಿಂತಿತು ಅಂತ ಗೊತ್ತಾಗಲ್ವಾ? ಸೈರನ್ ನಂಬೋದು ಬಿಟ್ಟು ತುಂಬಾ ದಿನ ಆಗಿತ್ತು. ನಿಮ್ಮ ಕಾರು ನಿಂತಿದ್ದು ಕೇಳಿ ಟೀವಿ ಸದ್ದು ಕಡಿಮೆ ಮಾಡಿದೆ. ಹಾರ್ನ್ ಹೊಡೀತೀರಾ ಅಂತ ಕಾದೆ.’ ಕೆಮ್ಮು ಬಂತು. ಮುಗಿಯುವವರೆಗೆ ಗೇಟಿನ ಸರಳು ಹಿಡಿದುಕೊಂಡರು. ‘ಹೊಡೀಲಿಲ್ಲ. ಸರಿ, ಆಕೆಯೇ ಸುಮ್ನೆ ಹೋದ್ಲು ಅಂದ್ರೆ ಬೆಂಕಿ ಇನ್ನೂ ದೂರ ಇದೆ ಅಂದ್ಕೊಂಡೆ. ಮತ್ತೆ ಸದ್ದು ಜೋರು ಮಾಡಿದೆ.’

ಅವರ ದನಿಯಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಮರ ಕಡಿಸಿ ಎಂದು ನಾನು ಬೇಡಿಕೊಳ್ಳಲಿಲ್ಲವೇ, ಬೆನ್ನು ತಿರುಗಿಸಿದವರು ಯಾರು ಎಂದು ಒಂದು ವರ್ಷದಿಂದ ಮಸೆದಿಟ್ಟುಕೊಂಡಿದ್ದ ಮಾತುಗಳೆಲ್ಲ ಗಂಟಲಿಗೆ ಬಂದವು. ಎಲ್ಲವೂ ಸರಿಯಾದ ಮಾತುಗಳೇ, ಒಂದೂ ಸುಳ್ಳಲ್ಲ. ಅವು ಅಲ್ಲೇ ನಿಂತವು.

‘ಬೈದುಬಿಡಿ ನನ್ನ’ ಎಂದಳು. ಅದೂ ಗದರಿಕೆಯ ಹಾಗೆಯೇ ಕೇಳಿಸಿತು.

ಅವರು ಸುಟ್ಟ ಮನೆಯ ಕಡೆಯೇ ನೋಡುತ್ತ, ‘ಕುಡಿಯೋಕೆ ನೀರು ತನ್ನಿ’ ಎಂದರು. ಕೇಳಿದ್ದಲ್ಲ, ಹೇಳಿದ್ದು. ಅವಳು ಒಳಗೆ ಹೋಗಿ ಲೋಟದಲ್ಲಿ ನೀರು ತಂದಳು. ನಿಂತೇ ಕುಡಿದು ಲೋಟ ವಾಪಸು ಕೊಟ್ಟು, ‘ಇನ್ನೊಂದು’ ಎಂದರು. ಮತ್ತೆ ಹೋಗಿ ತಂದಳು. ಅಡುಗೆಮನೆಯ ನೆಲ ಒರೆಸುತ್ತಿದ್ದ ಗಂಡ ತಲೆಯೆತ್ತಿ ನೋಡಿದ. ಎರಡನೆಯದನ್ನು ಮುದುಕರು ನಿಧಾನವಾಗಿ, ನಡುವೆ ಉಸಿರೆಳೆದುಕೊಳ್ಳುತ್ತ, ಕುಡಿದು ಮುಗಿಸಿದರು.

ಮೂರನೆಯದನ್ನು ಅವರು ಕೇಳಲಿಲ್ಲ. ಅವಳೇ ತಂದು, ತಮ್ಮನ ಮಗಳ ಕಾರು ಬರುವವರೆಗೂ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು.